ನೆರಳು, ಮುರಕಲ್ಲು, ಉಬ್ಬರ: ಉಡುಪಿಯಲ್ಲಿ ಭೌತಿಕ ಭೂಗೋಳ ಕಲಿತ ಬಗೆ

ನಾನು ಓದಿದ್ದು ವಾಣಿಜ್ಯ. ದುಡಿದದ್ದು ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ. ಹೈಸ್ಕೂಲಿನ ಪರೀಕ್ಷೆ ಮುಗಿದ ದಿನ ಮಡಚಿಟ್ಟ ಭೂಗೋಳವನ್ನು ನಿವೃತ್ತಿಯ ನಂತರ ಮತ್ತೆ ತೆರೆಯಲು ವಿಶೇಷವಾದ ಪ್ರೇರಣೆಯೇನೂ ಇರಲಿಲ್ಲ. ಪ್ರತಿ ಮಳೆಗಾಲದಲ್ಲಿಯೂ ವಾಯುಭಾರ ಕುಸಿತ, ರೆಡ್ ಅಲರ್ಟ್, ಎಲ್ ನಿನೋ, ಕಡಲ್ಕೊರೆತ, ಗುಡ್ಡ ಕುಸಿತ ಎಂಬ ಮಾತುಗಳನ್ನು ದಿನಕ್ಕೆ ಹತ್ತು ಬಾರಿ ಕೇಳುತ್ತಿದ್ದೆ. ಅವುಗಳಲ್ಲಿ ಒಂದನ್ನೂ ಮೊಮ್ಮಕ್ಕಳಿಗೆ ಬಿಡಿಸಿ ಹೇಳಲು ನನ್ನಿಂದಾಗದು ಎಂಬುದು ಮನಸ್ಸಿಗೆ ಸ್ವಲ್ಪ ಚುಚ್ಚುತ್ತಿತ್ತು, ಅಷ್ಟೇ. ಪ್ರಥಮ ಪಿಯುಸಿಯ ಭೂಗೋಳ ಪಠ್ಯವನ್ನು ಪಕ್ಕದ ಮನೆಯ ಹುಡುಗನಿಂದ ಎರವಲು ಪಡೆದು, ಮೊದಲ ಪುಟದಿಂದಲೇ ಓದತೊಡಗಿದೆ.

ಪಠ್ಯವು ವಿಶ್ವದ ಹುಟ್ಟಿನಿಂದ ಆರಂಭವಾಗಿ, ಭೂಮಿಯ ಒಳರಚನೆ, ಅದರ ಹೊರಚಿಪ್ಪಿನ ತುಂಡುಗಳಾದ ಫಲಕಗಳ ಚಲನೆ, ಶಿಲೆಗಳು, ಭೂರೂಪಗಳು ಎಂದು ಸಾಗಿ, ಆಮೇಲೆ ವಾಯುಮಂಡಲಕ್ಕೂ ಜಲಮಂಡಲಕ್ಕೂ ಬಂದು, ಕೊನೆಗೆ ಜೀವಮಂಡಲದಲ್ಲಿ ನಿಲ್ಲುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್ ಎಂದೂ, ಮನುಷ್ಯ ಕೊರೆದಿರುವ ಅತ್ಯಂತ ಆಳದ ರಂಧ್ರವಾದ ರಷ್ಯಾದ ಕೋಲಾ ಕೊಳವೆ 12 ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು ಆಳ ಎಂದೂ ಓದಿದಾಗ ಅಚ್ಚರಿಯಾಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಕವಚ, ಮ್ಯಾಂಟಲ್, ಹೊರತಿರುಳು, ಒಳತಿರುಳುಗಳ ದಪ್ಪ ಒಂದರೊಡನೊಂದು ಬೆರೆತುಹೋಯಿತು. ಭೂಮಿ ರೂಪುಗೊಂಡ ಕ್ರಮಕ್ಕೆ ಪುಸ್ತಕದ ಈ ಅನುಕ್ರಮ ಸರಿಯಾಗಿಯೇ ಇದೆ. ಕಲಿಯುವವನಿಗೆ ಅದು ಹೊಂದುತ್ತದೆ ಎನ್ನಲಾರೆ. ಆದ್ದರಿಂದ ಮೊದಲ ಅಧ್ಯಾಯಗಳನ್ನು ಬದಿಗಿರಿಸಿ, ಅಂಗಳದಲ್ಲಿ ನಿಂತು ಅಳೆಯಲು ಸಾಧ್ಯವಿರುವುದರಿಂದ ಹೊರಡುವುದೆಂದು ನಿರ್ಧರಿಸಿದೆ.

ಅಳತೆಗೆ ಮೊದಲು ಸಿಕ್ಕಿದ್ದು ಬಿಸಿಲು. ಗಾರೆಯವರ ತೂಗುಗುಂಡನ್ನು ಹಿಡಿದು, ಒಂದು ಮೀಟರ್ ಉದ್ದದ ಕೋಲನ್ನು ಅಂಗಳದ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಮಾರ್ಚ್ 21ರಂದು ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿಗಾಗಿ ಕಾದೆ. ಗಡಿಯಾರದ ಹನ್ನೆರಡಕ್ಕೆ ನೆರಳು ಇನ್ನೂ ಕುಗ್ಗುತ್ತಲೇ ಇತ್ತು; ಅದು ತೀರ ಗಿಡ್ಡವಾದದ್ದು 12 ಗಂಟೆ 38 ನಿಮಿಷದ ಆಸುಪಾಸಿನಲ್ಲಿ. ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ, ಉಡುಪಿ ಇರುವುದು 74.75 ಡಿಗ್ರಿಯ ಬಳಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ನಮ್ಮ ನಡುಹಗಲು 31 ನಿಮಿಷ ತಡ. ಉಳಿದ ಏಳು ನಿಮಿಷಕ್ಕೆ ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದೂ ಅದರ ಅಕ್ಷ ವಾಲಿರುವುದೂ ಕಾರಣ. ನೆರಳಿನ ಉದ್ದ ಸುಮಾರು 23.5 ಸೆಂಟಿಮೀಟರ್ ಬಂತು. ಹಗಲು ರಾತ್ರಿ ಸಮವಾಗುವ ವಿಷುವದ ದಿನ ಸೂರ್ಯನು ಭೂಮಧ್ಯರೇಖೆಯ ನೆತ್ತಿಯ ಮೇಲಿರುವುದರಿಂದ, ನಡುಹಗಲಿನ ನೆರಳು ಸೂಚಿಸುವ ಕೋನವೇ ನಾವು ನಿಂತ ಜಾಗದ ಅಕ್ಷಾಂಶವಾಗಿರುತ್ತದೆ. ಲೆಕ್ಕ ಮಾಡಿದಾಗ 13 ಡಿಗ್ರಿಗಿಂತ ತುಸು ಹೆಚ್ಚು ಎಂದು ಬಂತು. ನಕ್ಷೆಯಲ್ಲಿ ಉಡುಪಿಯ ಅಕ್ಷಾಂಶ 13 ಡಿಗ್ರಿ 20 ಮಿನಿಟು.

ದೆಹಲಿಯಲ್ಲಿರುವ ಅಣ್ಣನ ಮಗಳಿಗೂ ಅದೇ ದಿನ ಅದೇ ಉದ್ದದ ಕೋಲು ನಿಲ್ಲಿಸಲು ಹೇಳಿದ್ದೆ. "ಚಿಕ್ಕಪ್ಪ, ಐವತ್ತನಾಲ್ಕೂವರೆ ಸೆಂಟಿಮೀಟರ್. ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ರು" ಎಂದು ಅವಳು ಫೋನಿನಲ್ಲಿ ಹೇಳಿದಳು. ಅವಳ ನೆರಳಿನ ಕೋನ 28.6 ಡಿಗ್ರಿ, ಎರಡರ ವ್ಯತ್ಯಾಸ ಸುಮಾರು 15.3 ಡಿಗ್ರಿ. ಉಡುಪಿಯ ಅಕ್ಷಾಂಶದಿಂದ ದೆಹಲಿಯ ಅಕ್ಷಾಂಶಕ್ಕೆ ನೇರ ಉತ್ತರವಾಗಿ ಅಳೆದ ದೂರ ಸುಮಾರು 1,700 ಕಿಲೋಮೀಟರ್ ಆಗಿರುವುದರಿಂದ, 360 ಡಿಗ್ರಿಗೆ, ಅಂದರೆ ಭೂಮಿಯ ಪೂರ್ಣ ಸುತ್ತಳತೆಗೆ, 40,000 ಕಿಲೋಮೀಟರ್ ಎಂದಾಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಲೆಕ್ಕದ ಹಾದಿಯೂ ಇದೇ. ನಾನು ಬಳಸಿದ ದೂರವು ಭೂಮಿಯ ಗಾತ್ರವನ್ನು ಮೊದಲೇ ಬಲ್ಲವರು ಮಾಡಿದ ನಕ್ಷೆಯಿಂದ ಬಂದದ್ದು; ಆದ್ದರಿಂದ ನನ್ನದು ಸ್ವತಂತ್ರವಾದ ಪುರಾವೆ ಎನಿಸದು. ಆದರೂ ಅಕ್ಷಾಂಶ ಎಂಬುದು ಅಟ್ಲಾಸಿನ ಗೀಟಾಗಿ ಉಳಿಯದೆ, ಅಂಗಳದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬಹುದಾದ ವಸ್ತುವಾದದ್ದು ಅಂದೇ.

ಏಪ್ರಿಲ್ 25ರ ಸುಮಾರಿಗೆ ಉಡುಪಿಯಲ್ಲಿ ನಡುಹಗಲಿನ ನೆರಳು ಪೂರ್ತಿ ಮಾಯವಾಗುತ್ತದೆ. ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ಹಾಗಾಗುತ್ತದೆ. ಡಿಸೆಂಬರ್ 21ರಂದು ಅದೇ ಕೋಲಿನ ನೆರಳು 75 ಸೆಂಟಿಮೀಟರಿನಷ್ಟು ಚಾಚುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವ ಎರಡು ಅವಧಿಗಳ ಪೈಕಿ ಏಪ್ರಿಲಿನಲ್ಲಿ ಸೆಕೆ ತಡೆಯಲಾಗದಷ್ಟಿದ್ದರೆ, ಆಗಸ್ಟಿನಲ್ಲಿ ಮಧ್ಯಾಹ್ನದ ತಾಪಮಾನ 29 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೀಳುವ ಸೌರಶಕ್ತಿಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿರಬೇಕಾದ ದಿನಗಳಲ್ಲಿ ಇಷ್ಟು ಅಂತರ ಏಕೆ ಎಂಬ ಪ್ರಶ್ನೆಗೆ ಉತ್ತರ ಮೋಡ. ಮೋಡದ ಮೇಲ್ಮೈ ಬಿಸಿಲಿನ ಬಹುಭಾಗವನ್ನು ಬಾಹ್ಯಾಕಾಶಕ್ಕೆ ಹಿಂದಿರುಗಿಸುತ್ತದೆ. ಒದ್ದೆ ನೆಲಕ್ಕೆ ತಲುಪಿದ ಶಕ್ತಿಯಲ್ಲಿಯೂ ಬಹಳಷ್ಟು ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಅಲ್ಲಿಯವರೆಗೆ ನಾನು ಸೂರ್ಯ, ಗಾಳಿ, ನೀರುಗಳನ್ನು ಬೇರೆ ಬೇರೆ ಅಧ್ಯಾಯಗಳೆಂದು ಓದಿದ್ದೆ. ಅವುಗಳನ್ನು ಒಟ್ಟಿಗೆ ಓದಬೇಕೆಂಬ ಹಟ ಹಿಡಿದದ್ದು ಈ ಒಂದು ಪ್ರಶ್ನೆಯಿಂದ.

ಮಳೆಯ ಅಧ್ಯಾಯಕ್ಕೆ ಬಂದಾಗ ಮಳೆಮಾಪಕವೊಂದನ್ನು ಮಾಡಿಕೊಂಡೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾದ ಪ್ಲಾಸ್ಟಿಕ್ ಡಬ್ಬವನ್ನು ಮರದ ಎಲೆಗಳಿಂದ ದೂರವಾಗಿ ಕಂಬವೊಂದಕ್ಕೆ ಕಟ್ಟಿ, ಒಳಗೆ ಅಡಿಕೋಲು ಇಳಿಸಿ ಅಳೆದರೆ ಸಾಕಾಗುತ್ತದೆ. ಅಗಲ ಒಂದೇ ಸಮವಾಗಿರಬೇಕೆಂಬುದಷ್ಟೇ ನಿಯಮ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆಂದು ನಾನೂ ಅದೇ ಹೊತ್ತನ್ನು ಇಟ್ಟುಕೊಂಡೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಎಂಬ ಇಲಾಖೆಯ ವರ್ಗೀಕರಣವು, ಡಬ್ಬದಲ್ಲಿ ಗೇಣುದ್ದ ನೀರು ನಿಂತ ಜುಲೈ ಬೆಳಗೊಂದರಲ್ಲಿ ನನಗೆ ಚೆನ್ನಾಗಿ ಮನದಟ್ಟಾಯಿತು.

ಈ ನೀರು ಬರುವುದಾದರೂ ಎಲ್ಲಿಂದ? ದಕ್ಷಿಣ ಗೋಳಾರ್ಧದ ಆಗ್ನೇಯ ವಾಣಿಜ್ಯ ಮಾರುತಗಳು ಹಿಂದೂ ಮಹಾಸಾಗರದ ತೇವವನ್ನು ಹೀರುತ್ತಾ ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟುತ್ತವೆ. ಭೂಮಿಯ ಆವರ್ತನೆಯ ಫಲವಾದ ಕೊರಿಯೊಲಿಸ್ ಪರಿಣಾಮದಿಂದ ಬಲಕ್ಕೆ ತಿರುಗಿ, ಸೊಮಾಲಿಯಾದ ಎದುರಿನಿಂದ ಅರಬ್ಬಿ ಸಮುದ್ರದ ಮೇಲೆ ನೈಋತ್ಯ ಮಾರುತಗಳಾಗಿ ನಮ್ಮತ್ತ ಬೀಸುತ್ತವೆ. ಅಂದರೆ ನಮ್ಮ ಮಳೆಯ ಒಂದು ಪಾಲು ಭೂಮಧ್ಯರೇಖೆಯ ಆಚೆ, ಅಲ್ಲಿ ಚಳಿಗಾಲವಿದ್ದಾಗ ಆವಿಯಾದ ನೀರು. ಇದನ್ನು ಓದಿದ ದಿನ ಹೆಂಡತಿಗೆ ಹೇಳಿದೆ. "ಎಲ್ಲಿಂದ ಬಂದರೂ ಹಪ್ಪಳ ಒಣಗುವುದಿಲ್ಲವಲ್ಲ" ಎಂಬ ಉತ್ತರ ಬಂತು.

ಘಟ್ಟದ ಪಾತ್ರವನ್ನು ಅರಿಯಲು ಆಗುಂಬೆಗೆ ಹೋದೆ. ಕಡಲಮಟ್ಟದಲ್ಲಿ ಗಾಳಿಯ ತಾಪಮಾನ 28 ಡಿಗ್ರಿ, ಅದರ ಇಬ್ಬನಿ ಬಿಂದು, ಅಂದರೆ ತಣಿದಾಗ ಅದರೊಳಗಿನ ಆವಿ ಹನಿಗಟ್ಟತೊಡಗುವ ತಾಪಮಾನ, 25 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೇಲೇರುವ ಗಾಳಿ ಹಿಗ್ಗುತ್ತಾ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ತಣಿಯುತ್ತದೆ. ಇಬ್ಬನಿ ಬಿಂದುವೂ ತುಸು ಇಳಿಯುವುದರಿಂದ ಇವೆರಡರ ನಡುವಿನ ಅಂತರ ನೂರು ಮೀಟರಿಗೆ 0.8 ಡಿಗ್ರಿಯಷ್ಟು ಕಡಿಮೆಯಾಗುತ್ತಾ ಬರುತ್ತದೆ. ಮೂರು ಡಿಗ್ರಿಯ ಅಂತರ ಮುಚ್ಚಲು 375 ಮೀಟರ್ ಏರಿದರಾಯಿತು. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ತಿರುವುಗಳನ್ನು ಏರುತ್ತಿದ್ದ ಬಸ್ಸು ಅರ್ಧ ದಾರಿ ದಾಟುವಷ್ಟರಲ್ಲಿ ಮೋಡದೊಳಗೆ ನುಗ್ಗಿತು. ಕಂಡಕ್ಟರರು ಕಿಟಕಿಯ ಪರದೆ ಇಳಿಸಲು ಹೇಳುತ್ತಿದ್ದಾಗ ನಾನು ಮೊಬೈಲಿನಲ್ಲಿ ಎತ್ತರ ನೋಡುತ್ತಿದ್ದೆ. ಹನಿಗಟ್ಟುವಾಗ ಆವಿಯು ಬಿಟ್ಟುಕೊಡುವ ಗುಪ್ತೋಷ್ಣವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದರಿಂದ ಮಳೆ ಮತ್ತಷ್ಟು ಹೆಚ್ಚುತ್ತದೆ. ಉಡುಪಿಯ ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್, ಆಗುಂಬೆಯದು 7,000ಕ್ಕೂ ಹೆಚ್ಚು. ಘಟ್ಟದಿಂದ ಪೂರ್ವಕ್ಕೆ ಇನ್ನೂರು ಕಿಲೋಮೀಟರಿನೊಳಗೇ ಇರುವ ಚಿತ್ರದುರ್ಗದಲ್ಲಿ 600ರ ಆಸುಪಾಸು.

ಇಷ್ಟು ನೀರು ಬಿದ್ದರೂ ಏಪ್ರಿಲಿನಲ್ಲಿ ನಮ್ಮ ಬಾವಿಯ ತಳ ಏಕೆ ಕಾಣುತ್ತದೆ ಎಂಬ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ, ಬಹುಶಃ ನನ್ನ ಹಳೆಯ ಕಸುಬಿನ ಚಾಳಿಯಿಂದಾಗಿ. ಮಣಿಪಾಲದಿಂದ ಉಡುಪಿಗೆ ಇಳಿಯುವ ಇಳಿಜಾರಿನಲ್ಲಿ ನಮಗೆ ಹತ್ತು ಸೆಂಟ್ಸ್ ಜಾಗವಿದೆ, ಅಂದರೆ ಸುಮಾರು 405 ಚದರ ಮೀಟರ್. ಅದರ ಮೇಲೆ ನಾಲ್ಕು ಮೀಟರ್ ಮಳೆ ಬಿದ್ದರೆ ಹದಿನಾರು ಲಕ್ಷ ಲೀಟರ್ ಜಮೆಯಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಮನೆಗೆ ವರ್ಷಕ್ಕೆ ಬೇಕಾದದ್ದು ಎರಡು ಲಕ್ಷ ಲೀಟರಿಗಿಂತ ಕಡಿಮೆ. ಎಂಟು ವರ್ಷಗಳ ಖರ್ಚಿಗಾಗುವಷ್ಟು ಜಮೆ ಒಂದೇ ವರ್ಷದಲ್ಲಿ ಆಗಿಯೂ ಖಾತೆ ಬರಿದಾಗುತ್ತದೆಯೆಂದರೆ, ಸೋರಿಕೆ ಎಲ್ಲಿಯೋ ಇರಲೇಬೇಕು. ಮಳೆಯ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಬಿದ್ದು ಮುಗಿಯುತ್ತದೆಂಬುದು ಉತ್ತರದ ಒಂದು ಭಾಗ. ಉಳಿದ ಭಾಗ ಕಾಲ ಕೆಳಗಿನ ಕಲ್ಲಿನಲ್ಲಿತ್ತು.

ಅದನ್ನು ನೋಡಲು ಕೆಂಪುಕಲ್ಲಿನ ಕೋರೆಯೊಂದಕ್ಕೆ ಹೋದೆ. ಮನೆಯ ಗೋಡೆಯಲ್ಲಿ ದಿನವೂ ಕಂಡ ಮುರಕಲ್ಲನ್ನು ಅದು ಹುಟ್ಟಿದ ಜಾಗದಲ್ಲಿ ನೋಡುವ ಅನುಭವವೇ ಬೇರೆ. ಯಂತ್ರದ ಬ್ಲೇಡು ಕೊರೆದ ಗೋಡೆಯು ಎರಡು ಆಳಿನೆತ್ತರಕ್ಕೂ ಮಿಗಿಲಾಗಿ ನೇರವಾಗಿ ನಿಂತಿತ್ತು. ಮೇಲ್ಭಾಗದಲ್ಲಿ ಕಡುಗಂದು ಬಣ್ಣದ, ಉಗುರು ಹಾಕಿದರೂ ಜಗ್ಗದ ಪದರ; ಅದರ ಕೆಳಗೆ ಕೆಂಪು ಹಳದಿಗಳು ಬೆರೆತ, ಬೆರಳು ತೂರಬಹುದಾದ ಕೊಳವೆಗಳಂತಹ ತೂತುಗಳಿಂದ ತುಂಬಿದ ಕಲ್ಲು; ಇನ್ನೂ ಕೆಳಗೆ ಕೆಂಪು ಮಾಸುತ್ತಾ ನಸುಗುಲಾಬಿಗೆ, ಆಮೇಲೆ ಬಿಳಿಚಿಗೆ ತಿರುಗಿತ್ತು. ಹಿಂದಿನ ರಾತ್ರಿ ಮಳೆಯಾಗಿದ್ದರಿಂದ ಬಿಳಿಚಿಗೆ ಸ್ವಲ್ಪ ಮೇಲೆ, ಒಂದೇ ಮಟ್ಟದಲ್ಲಿ, ಗೋಡೆಯುದ್ದಕ್ಕೂ ನೀರು ಒಸರುತ್ತಿತ್ತು. ಮೇಸ್ತ್ರಿಯವರು ಅಲ್ಲಿಗೇ ಬೊಟ್ಟು ಮಾಡಿ, "ಇಲ್ಲಿಂದ ಕೆಳಗೆ ಕಲ್ಲು ಸಿಗುದಿಲ್ಲ ಮಾರಾಯ್ರೆ, ಬರೇ ಶೇಡಿ. ನೀರು ಶೇಡಿ ಒಳಗೆ ಇಳಿಯುದಿಲ್ಲ, ಅದರ ಮೇಲಿಂದ್ಲೇ ಹೋಗುದು" ಎಂದರು. ಅಂತರ್ಜಲದ ಅಧ್ಯಾಯದಲ್ಲಿ ನಾಲ್ಕು ಪುಟ ಓದಿ ನಾನು ಕಷ್ಟಪಟ್ಟು ಹಿಡಿದದ್ದು ಅವರಿಗೆ ಕೆಲಸದ ಮೊದಲ ಪಾಠವಾಗಿತ್ತು.

ಪುಸ್ತಕದ ಮಾತಿನಲ್ಲಿ ಹೇಳುವುದಾದರೆ, ಬಿಸಿಯೂ ತೇವವೂ ಆದ, ಮಳೆಗಾಲ ಬೇಸಗೆಗಳು ಒಂದನ್ನೊಂದು ಹಿಂಬಾಲಿಸುವ ಹವಾಗುಣದಲ್ಲಿ ಗಟ್ಟಿಶಿಲೆಯೊಳಗೆ ಇಳಿಯುವ ನೀರು ಲಕ್ಷಾಂತರ ವರ್ಷಗಳಲ್ಲಿ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂಗಳನ್ನೂ ಸಿಲಿಕಾದ ಬಹುಪಾಲನ್ನೂ ಕರಗಿಸಿ ಒಯ್ಯುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಮುರಕಲ್ಲಾಗುತ್ತವೆ. ಅದರ ಕೆಳಗೆ ಶಿಲೆಯ ಫೆಲ್ಡ್‌ಸ್ಪಾರ್ ಖನಿಜವು ಕೊಳೆತು ಕೆಯೊಲಿನ್ ಜೇಡಿಯಾಗಿರುವ ಪದರವೇ ಶೇಡಿ. ಇನ್ನೂ ಆಳದಲ್ಲಿ ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ ಪರ್ಯಾಯ ದ್ವೀಪದ ನೈಸ್ ಶಿಲೆಯಿದೆ. ಹಸಿಯಾಗಿ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್ ಕೇರಳದ ಅಂಗಾಡಿಪ್ಪುರಂನಲ್ಲಿ ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದನು. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇಂದು ಬಳಕೆಯಲ್ಲಿರುವ ಹೆಸರಿನ ಮೂಲ ನಮ್ಮ ನೆರೆಯಲ್ಲೇ ಇದೆ.

ಬಾವಿಯ ಪ್ರಶ್ನೆ ಇಲ್ಲಿ ಬಿಡಿಸಿಕೊಂಡಿತು. ತೂತುಗಳ ಕಲ್ಲಿನಲ್ಲಿ ನೀರು ಬೇಗ ಇಳಿಯುತ್ತದೆ, ಶೇಡಿಯ ಮೇಲೆ ಬೇಗ ಜಾರುತ್ತದೆ, ಇಳಿಜಾರಿನ ಬುಡದಲ್ಲಿ ಒರತೆಯಾಗಿ ಹೊರಬಿದ್ದು ತೋಡಿಗೆ ಸೇರುತ್ತದೆ. ಗುಡ್ಡದ ಮೈಯಲ್ಲಿರುವ ಬಾವಿಯು ಈ ಹಾದಿಯ ನಡುವೆ ಸಿಕ್ಕ ತಂಗುದಾಣ ಮಾತ್ರ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರ ಹಿಂದೆಯೂ ಇದೇ ನೀರಿನ ಹಾದಿಯಿದೆ: ತಗ್ಗಿನ ಬೈಲಿನಲ್ಲಿ ಒಸರು ಬೇಸಗೆಯವರೆಗೂ ಉಳಿದು ಮೂರು ಬೆಳೆ, ನಡುವಣ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಬಂಟ್ವಾಳ ತಾಲ್ಲೂಕಿನ ಮಾಣಿಲದ ಕಡೆಯಿಂದ ಕಾಸರಗೋಡಿನವರೆಗೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಹೊರತರುವ ಕ್ರಮವೂ ಈ ಕಲ್ಲಿನ ಗುಣವನ್ನರಿತ ಜಾಣ್ಮೆಯೇ. ಇದೇ ಶೇಡಿ ನೀರುಂಡು ತೂಕ ಹೆಚ್ಚಿಸಿಕೊಂಡಾಗ, ಬುಡವನ್ನು ರಸ್ತೆಗಾಗಿ ನೇರವಾಗಿ ಕಡಿದಿದ್ದರೆ, ಮೇಲಿನ ಗುಡ್ಡವನ್ನು ಹೊತ್ತುಕೊಂಡೇ ಜಾರುತ್ತದೆ. ಹೆದ್ದಾರಿಯ ಬದಿಯಲ್ಲಿ ಬಿಳಿಚಿದ ಮಣ್ಣಿನ ಗೋಡೆ ಕಂಡರೆ ನಾನು ಈಗ ಮಳೆಗಾಲದಲ್ಲಿ ಅದರ ಅಡಿಯಲ್ಲಿ ಬೈಕು ನಿಲ್ಲಿಸುವುದಿಲ್ಲ.

ನದಿಗಳ ವಿಷಯಕ್ಕೆ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆ ನೆರವಾಯಿತು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್. ಕರಾವಳಿಯ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಗುಡ್ಡದ ಸುತ್ತ ಸಡಿಲವಾಗಿದ್ದ ಕಂದು ರೇಖೆಗಳು, ಘಟ್ಟದ ಅಂಚಿನಲ್ಲಿ ಒಂದನ್ನೊಂದು ಮುಟ್ಟುವಷ್ಟು ಒತ್ತಾಗಿ ನಿಲ್ಲುತ್ತವೆ. ಅವುಗಳ ಮೇಲೆ ದಾರ ಹಿಡಿದು ಹೊಳೆಗಳ ದಾರಿ ಅಳೆಯುತ್ತಾ ಕುಳಿತ ಸಂಜೆಗಳು ಈ ಕಲಿಕೆಯಲ್ಲೇ ಅತ್ಯಂತ ಹಿತವಾದವು. ಕುದುರೆಮುಖ ಶ್ರೇಣಿಯ ಗಂಗಾಮೂಲದ ಪರಿಸರದಲ್ಲಿ ನೇತ್ರಾವತಿ, ತುಂಗಾ, ಭದ್ರಾ ಮೂರೂ ಹುಟ್ಟುತ್ತವೆ. ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಸುಮಾರು ನೂರು ಕಿಲೋಮೀಟರಿನಲ್ಲಿ ಮಂಗಳೂರಿನ ಬಳಿ ಕಡಲು ಸೇರಿದರೆ, ತುಂಗಭದ್ರೆಯ ನೀರು ಕೃಷ್ಣೆಯೊಡನೆ ಇಡೀ ಪರ್ಯಾಯ ದ್ವೀಪವನ್ನು ಅಡ್ಡಹಾಯ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಕ್ಕಪಕ್ಕದಲ್ಲೇ ಬಿದ್ದ ಎರಡು ಹನಿಗಳ ಪೈಕಿ ಒಂದು ಕೆಲವೇ ದಿನಗಳಲ್ಲಿ ಉಳ್ಳಾಲದ ಅಳಿವೆಯಲ್ಲಿರುತ್ತದೆ. ಇನ್ನೊಂದು ಹೊಸಪೇಟೆಯ ಅಣೆಕಟ್ಟಿನಲ್ಲಿ ತಿಂಗಳುಗಟ್ಟಲೆ ತಡೆದು ಮುಂದೆ ಸಾಗಬಹುದು. ಪಶ್ಚಿಮದ ಹೊಳೆಗಳಿಗೆ ಇಳಿಜಾರು ಕಡಿದು, ದಾರಿ ಗಿಡ್ಡ, ಕೂಡಿಟ್ಟುಕೊಳ್ಳಲು ಹಿಮವಿಲ್ಲ.

ಪ್ರಸ್ಥಭೂಮಿ ಪೂರ್ವಕ್ಕೆ ವಾಲಿ, ಪಶ್ಚಿಮದ ಅಂಚು ಗೋಡೆಯಂತೆ ನಿಂತದ್ದೇಕೆ ಎಂದು ಕೇಳಿದಾಗ, ನಾನು ಬದಿಗಿರಿಸಿದ್ದ ಫಲಕಗಳ ಅಧ್ಯಾಯಕ್ಕೆ ಹಿಂದಿರುಗಲೇಬೇಕಾಯಿತು. ಈ ಬಾರಿ ಅದು ರುಚಿಸಿತು. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳನ್ನು ಮೊದಲು ಎಷ್ಟೋ ಸಲ ನೋಡಿದ್ದರೂ ನೆಂಟರ ಫೋಟೋ ತೆಗೆಯುವುದರಲ್ಲೇ ಸಮಯ ಹೋಗಿತ್ತು. ಮಳೆಗಾಲ ಕಳೆದು ದೋಣಿಗಳು ಶುರುವಾದ ಮೇಲೆ ಒಬ್ಬನೇ ಹೋಗಿ, ಕಂಬಗಳ ತಲೆಯ ಮೇಲೆ ಕುಳಿತು ಮೂಲೆಗಳನ್ನು ಎಣಿಸಿದೆ. ಆರು ಮೂಲೆಯವು ಬಹಳ. ಐದರವೂ ಏಳರವೂ ನಡುನಡುವೆ ಇದ್ದವು. ಲಾವಾ ತಣಿಯುತ್ತಾ ಕುಗ್ಗುವಾಗ ಬಿರುಕುಗಳು ಒಂದನ್ನೊಂದು ಸಂಧಿಸಿ, ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತಾ ಹೋದದ್ದರಿಂದ ಈ ಆಕಾರ. ಪ್ರವಾಸಿ ಬರಹಗಳಲ್ಲಿ ಇದನ್ನು ಬಸಾಲ್ಟ್ ಎಂದು ಬರೆಯುವ ರೂಢಿ ಇದ್ದರೂ, ಶಿಲಾ ವಿಶ್ಲೇಷಣೆಯ ಪ್ರಕಾರ ಇದು ಸಿಲಿಕಾ ಹೆಚ್ಚಾಗಿರುವ ಡೇಸೈಟ್–ರಯೊಲೈಟ್ ಬಗೆಯ ಶಿಲೆ. ವಯಸ್ಸು ಸುಮಾರು 8.8 ಕೋಟಿ ವರ್ಷ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಪದರಗಳಿಗಿಂತ ಎರಡು ಕೋಟಿ ವರ್ಷ ಹಿರಿದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಗುರುತು ಇದು. ಅದೇ ಕಾಲದ ಶಿಲೆಗಳು ಆ ದ್ವೀಪದಲ್ಲಿಯೂ ಇವೆ. ಇಂದು ನಡುವೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಕಡಲಿದೆ. ದೂರವನ್ನು ಕಾಲದಿಂದ ಭಾಗಿಸಿದರೆ ವರ್ಷಕ್ಕೆ ಐದು ಸೆಂಟಿಮೀಟರಿನ ಸಮೀಪ ಬರುತ್ತದೆ. ಭಾರತದ ಫಲಕ ಈಗಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಈಶಾನ್ಯಕ್ಕೆ ಸರಿಯುತ್ತಿದೆ, ನಡುವೆ ಒಂದು ಕಾಲಘಟ್ಟದಲ್ಲಿ ಅದಕ್ಕಿಂತ ಬಹಳ ವೇಗವಾಗಿಯೂ ಸರಿದಿತ್ತು. ಹೀಗೆ ಬಿರಿದ ಭೂಖಂಡದ ಅಂಚೇ ನದಿಗಳ ಸವೆತಕ್ಕೆ ಸಿಕ್ಕಿ ಪೂರ್ವಕ್ಕೆ ಹಿಂಜರಿಯುತ್ತಾ ಇಂದಿನ ಘಟ್ಟದ ಗೋಡೆಯಾಯಿತು ಎಂಬ ವಿವರಣೆಯನ್ನು ಓದಿದಾಗ, ಆಗುಂಬೆಯ ಮಳೆಗೂ ಮಲ್ಪೆಯ ಕಂಬಗಳಿಗೂ ಇರುವ ನಂಟು ಹೊಳೆಯಿತು. ಇಲ್ಲಿ ಭೂಖಂಡ ಬಿರಿಯದಿದ್ದರೆ ಇಲ್ಲಿ ಈ ಘಟ್ಟವಿಲ್ಲ; ಘಟ್ಟವಿಲ್ಲದೆ ಈ ಪ್ರಮಾಣದ ಮಳೆಯಿಲ್ಲ; ಮಳೆಯಿಲ್ಲದೆ ಮುರಕಲ್ಲೂ ಇಲ್ಲ.

ಕಡಲಿನ ಪಾಠಕ್ಕೆ ಕೋಡಿ ಬೆಂಗ್ರೆಗೆ ಹೋಗುತ್ತಿದ್ದೆ. ಒಂದು ಬದಿಗೆ ಸ್ವರ್ಣಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಮರಳಿನ ಕಿರಿದಾದ ಪಟ್ಟಿ. ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳ ಅಳಿವೆ. ಅಲೆಗಳು ದಡಕ್ಕೆ ಓರೆಯಾಗಿ ಬಂದು ಮರಳನ್ನು ದಡದುದ್ದಕ್ಕೂ ಸಾಗಿಸುವ ಬಗೆಯನ್ನು ತೇಲುವ ತೆಂಗಿನಕಾಯಿಯೊಂದನ್ನು ಹಿಂಬಾಲಿಸುತ್ತಾ ನಡೆದರೆ ಕಾಣಬಹುದು. ಮುಂಗಾರಿನ ಎತ್ತರದ ಅಲೆಗಳು ದಡದ ಮರಳನ್ನು ಆಳಕ್ಕೆ ಎಳೆದೊಯ್ಯುತ್ತವೆ. ಅಕ್ಟೋಬರಿನ ನಂತರದ ಸಣ್ಣ ಅಲೆಗಳು ಅದರ ಬಹುಭಾಗವನ್ನು ಮರಳಿ ತಂದು ಒಡ್ಡುತ್ತವೆ. ಉಬ್ಬರವು ದಿನಕ್ಕೆರಡು ಬಾರಿ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ, ಏಕೆಂದರೆ ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯನ ಸೆಳೆತವೂ ಕೂಡಿ ಏರಿಳಿತ ಹಿಗ್ಗುತ್ತದೆ. ನಮ್ಮ ಕರಾವಳಿಯಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸಿನಲ್ಲಿ ನಿಂತರೆ, ಲಾಳಿಕೆಯಾಕಾರದ ಖಂಭಾತ ಕೊಲ್ಲಿಯಲ್ಲಿ ಹತ್ತು ಮೀಟರಿನ ಸಮೀಪಕ್ಕೆ ಹೋಗುತ್ತದೆ. ಕಡಲ ತಳದ, ದಡದ ಆಕಾರ ಅಷ್ಟು ವ್ಯತ್ಯಾಸ ಮಾಡುತ್ತದೆ.

ಉಪ್ಪುನೀರು ಎರಡೂ ಬದಿಗಿದ್ದರೂ ಇಂತಹ ಮರಳುಪಟ್ಟಿಯ ಆಳವಿಲ್ಲದ ಬಾವಿಯಲ್ಲಿ ಸಿಹಿನೀರು ಸಿಗುವ ಸಂಗತಿಗೆ ಸಾಂದ್ರತೆಯ ವಿವರಣೆಯಿದೆ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಮರಳಿನಲ್ಲಿ ಇಂಗಿದ ಮಳೆನೀರು ಅದರ ಮೇಲೆ ತೇಲುತ್ತದೆ. ಕಡಲಮಟ್ಟದ ಮೇಲೆ ಒಂದು ಮೀಟರ್ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಮೀಟರ್ ಆಳದವರೆಗೆ ಸಿಹಿನೀರು ಇರಬಲ್ಲದು. ಇದರ ತಿರುವುಮುರುವೂ ಸತ್ಯ: ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದಡಿ ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ಹೊಳೆಗಳಿಗೆ ಕಟ್ಟುವ ಕಿಂಡಿ ಅಣೆಕಟ್ಟುಗಳು ಉಬ್ಬರದ ಉಪ್ಪನ್ನು ತಡೆಯುವುದರ ಜೊತೆಗೆ ಮೇಲ್ದಂಡೆಯಲ್ಲಿ ಸಿಹಿನೀರಿನ ಮಟ್ಟವನ್ನೂ ಎತ್ತಿಹಿಡಿಯುತ್ತವೆ.

ನಮ್ಮ ಊರಿನಲ್ಲಿ ನೋಡಿ ಕಲಿಯಲಾಗದ ಭಾಗಗಳು ಪುಸ್ತಕದಲ್ಲಿ ಸಾಕಷ್ಟಿವೆ. ಹಿಮನದಿ, ಮರುಭೂಮಿ, ಸುಣ್ಣಕಲ್ಲಿನ ಗುಹೆಗಳು ಇವನ್ನು ಚಿತ್ರಗಳಿಂದಲೇ ಕಲಿತೆ. ಅವು ಮನಸ್ಸಿನಲ್ಲಿ ಅಷ್ಟಾಗಿ ಊರಲಿಲ್ಲ ಎಂಬುದು ನಿಜ. ಜೀವಮಂಡಲದ ಅಧ್ಯಾಯ ಸಸ್ಯವರ್ಗಗಳ ಪಟ್ಟಿಯಂತಿದ್ದುದರಿಂದ ಬೇಗ ದಾಟಿದೆ.

ಈಗ ಓದುತ್ತಿರುವುದು ಸಾಗರ ಪ್ರವಾಹಗಳನ್ನು. ಮುಂಗಾರಿನ ಗಾಳಿ ನಮ್ಮ ಕರಾವಳಿಯುದ್ದಕ್ಕೂ ಬೀಸಿ ಮೇಲ್ಮೈ ನೀರನ್ನು ದಡದಿಂದ ದೂರ ಸರಿಸಿದಾಗ, ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ; ಅದರಿಂದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳು ಹೆಚ್ಚಿ, ಅವನ್ನು ಉಣ್ಣುವ ಬೂತಾಯಿಗೂ ಬಂಗುಡೆಗೂ ಸುಗ್ಗಿಯಾಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವೂ ಇದೇ. ಇದನ್ನೆಲ್ಲ ಮಲ್ಪೆಯಲ್ಲಿ ಬಲೆ ಹೆಣೆಯುತ್ತಾ ಕುಳಿತಿದ್ದ ಹಿರಿಯರೊಬ್ಬರಿಗೆ ಉತ್ಸಾಹದಿಂದ ಹೇಳಿದಾಗ, "ಅದು ಸರಿ ಇರಬಹುದು ಮಾಸ್ಟ್ರೇ, ಆದರೆ ಕೆಲವು ವರ್ಷ ಗಾಳಿ ಮಳೆ ಎಲ್ಲ ಚಂದ ಇದ್ರೂ ಬೂತಾಯಿ ಬರುದೇ ಇಲ್ಲ. ಅದಕ್ಕೆ ಎಂತ ಹೇಳ್ತದೆ ನಿಮ್ಮ ಪುಸ್ತಕ?" ಎಂದು ಕೇಳಿದರು. ನಾನು ಮೇಷ್ಟ್ರಲ್ಲ ಎಂದು ತಿದ್ದಲು ಹೋಗಲಿಲ್ಲ. ಪ್ರಥಮ ಪಿಯುಸಿಯ ಪಠ್ಯ ಅದಕ್ಕೆ ಏನೂ ಹೇಳುವುದಿಲ್ಲ.

ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗ ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದು ಹೆಚ್ಚು ಎಂಬ ಮಟ್ಟಿಗೆ ಪಠ್ಯ ಕೈಹಿಡಿದು ನಡೆಸುತ್ತದೆ. ಆದರೆ 1997ರಲ್ಲಿ ಎಲ್ ನಿನೋ ಅತಿ ಪ್ರಬಲವಾಗಿದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಇತ್ತು. 2002ರಲ್ಲಿ ಅದು ಅಷ್ಟೇನೂ ತೀವ್ರವಾಗಿರದಿದ್ದರೂ ಬರ ಬಂತು. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ತಾಪಮಾನದ ಅಂತರವನ್ನು ದ್ವಿಧ್ರುವ ಎಂಬ ಹೆಸರಿನಲ್ಲಿ ವಿಜ್ಞಾನಿಗಳು ವಿವರಿಸಿದ್ದು 1999ರಲ್ಲಿ. 1997ರ ಮಳೆಯನ್ನು ಕಾಪಾಡಿದ್ದರಲ್ಲಿ ಅದರ ಪಾತ್ರವೂ ಇತ್ತೆಂದು ವಿವರಿಸುತ್ತಾರೆ. ಆ ಅಧ್ಯಾಯಕ್ಕಾಗಿ ಪಿಯುಸಿಯ ಪುಸ್ತಕವನ್ನು ಹುಡುಗನಿಗೆ ಹಿಂದಿರುಗಿಸಿ, ಪದವಿ ತರಗತಿಯ ಸಾಗರವಿಜ್ಞಾನದ ಪುಸ್ತಕವೊಂದನ್ನು ಗ್ರಂಥಾಲಯದಿಂದ ತಂದಿದ್ದೇನೆ. ಬೂತಾಯಿಯ ಪ್ರಶ್ನೆಯನ್ನು ಅದರ ಮೊದಲ ಹಾಳೆಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೇನೆ.